ನಾಲ್ಕನೆಯ ಬದಿ

ಜುಲೈ 8, ಮಂಗಳವಾರ

ಐದಲ್ಲ ಅಬ್ಬಾ, ನಾಲ್ಕು. ಸೋಫಾ ಅಂಗಡಿಯನ್ನು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ಅಲ್ಲಿ ನಾನಿದ್ದದ್ದು ಹನ್ನೊಂದು ದಿನ, ಅದರಲ್ಲಿ ಮೂರು ದಿನ ಜ್ವರ. ಮೊಬೈಲ್ ರಿಪೇರಿ, ಎ.ಸಿ. ಕೆಲಸ, ಕೊರಿಯರ್, ವೆಲ್ಡಿಂಗ್, ಇಷ್ಟೇ ನಾನು ಬಿಟ್ಟದ್ದು. ನೀವು ಐದು ಎಂದು ಇಡೀ ಓಣಿಗೆ ಕೇಳುವಂತೆ ಹೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ಹತ್ತಿ ಹೋದಿರಿ. ನೀವು ಹೋದ ಮೇಲೆಯೇ ನನಗೆ ಉತ್ತರ ಹೊಳೆಯುತ್ತದೆ. ಅದಕ್ಕೇ ಈ ವಹಿಯಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಆಡುವುದು ಉರ್ದು, ನನಗೆ ಬರೆಯಲು ಬರುವುದು ಹತ್ತನೆಯ ತರಗತಿಯವರೆಗೆ ಕಲಿತ ಕನ್ನಡ. ಸಿಕ್ಕರೂ ನೀವು ಓದಲಾರಿರಿ. ಒಳ್ಳೆಯದೇ.

ಅರ್ಧಕ್ಕೆ ಬಿಡುವುದು ನನ್ನ ರಕ್ತದಲ್ಲೇ ಇದೆ ಅಂದಿರಿ. ಆ ರಕ್ತ ಯಾರದು? ನೀವು ಮೂವತ್ತೈದು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಬೀಗ ರಿಪೇರಿ ಮಾಡಿದ್ದೀರಿ. ಬೀಗದ ಒಳಗೆ ಏನಿದೆ ಎಂದು ಮೊದಲ ವರ್ಷವೇ ಗೊತ್ತಾಗಿರಬೇಕಲ್ಲ? ಉಳಿದ ಮೂವತ್ನಾಲ್ಕು ವರ್ಷ ಏನು ನೋಡುತ್ತ ಕೂತಿದ್ದಿರಿ? ನನಗೆ ಯಾವ ಮಷೀನೇ ಇರಲಿ, ಒಳಗೇನಿದೆ ಎಂದು ತಿಳಿಯುವ ತನಕ ಹಸಿವು. ತಿಳಿದ ಮರುದಿನದಿಂದ ಆಕಳಿಕೆ.

ಈಗ ಅಕ್ಕ ಶಾಹೀನ ಆಪಾ ತನ್ನ ಗಂಡ ಸುಫಿಯಾನಭಾಯಿಗೆ ಗಂಟುಬಿದ್ದು ನನ್ನನ್ನು ಲಕಮನಹಳ್ಳಿಯ ಅವರ ಲೋಹ ಕಡೆಯುವ ಲೇಥ್ ಶಾಪಿಗೆ ಹಚ್ಚಿದ್ದಾಳೆ. ಏಳು ವಾರ ಆಯಿತು. ದಿನಕ್ಕೆ ನೂರೈವತ್ತು ಹಿತ್ತಾಳೆ ಬುಶ್, ಮಷೀನಿನ ಕಡ್ಡಿಗೆ ತೊಡಿಸುವ ಬಳೆಗಳು. ಎಲ್ಲವೂ ಒಂದೇ ತರ. ಗೋವಾದಲ್ಲಿ ಬೋಟಿನ ಇಂಜಿನ್ ಕೆಲಸಕ್ಕೆ ಗೆಳೆಯ ಕರೆಯುತ್ತಿದ್ದಾನೆ. ಇಪ್ಪತ್ತನೇ ತಾರೀಖು ಹೋಗುವುದೆಂದು ಮನಸ್ಸಿನಲ್ಲಿ ಆಗಿದೆ. ಯಾರಿಗೂ ಹೇಳಿಲ್ಲ.

ಇವತ್ತು ಮಧ್ಯಾಹ್ನ ಶಾಪಿಗೆ ಒಬ್ಬ ಮುದುಕರು ಬಂದಿದ್ದರು, ಜೊತೆಗೆ ಅವರ ಮಗಳು. ಮುದುಕರು ಕಣ್ಣಿನ ಚಾಳೀಸಿನ ಡಬ್ಬಿ ತೆರೆದರು. ಒಳಗೆ ಹತ್ತಿ, ಹತ್ತಿಯ ಮೇಲೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದೊಂದು ಹಿತ್ತಾಳೆ ಚೂರು.

"ಇಂಥಾ ಒಂದೊಂದು ನಗಾ ನಾವು ಮಾಡೂದಿಲ್ರಿ ಸರ್" ಅಂದರು ಸುಫಿಯಾನಭಾಯಿ. "ನೂರು ಬೇಕಂದ್ರ ಹೇಳ್ರಿ."

ಮುದುಕರು ಕತ್ತು ತಿರುಗಿಸಿ ಎಡಗಿವಿ ಮುಂದೆ ಮಾಡಿದರು. ಭಾಯಿ ಇನ್ನೊಮ್ಮೆ ಹೇಳಿದರು.

"ನೂರು ತಗೊಂಡು ಏನ್ ಮಾಡ್ಲೆಪಾ? ನನ್ನ ಹತ್ರ ಇರೂದು ಒಂದಽ ಮಷೀನು."

ನಾನು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಕೊರೆದದ್ದು. ಒಂದು ಮೆಟ್ಟಿಲು ಸವೆದು ಓರೆಯಾಗಿತ್ತು.

"ಇದು ಏನ್ ತಿರುಗಸ್ತೈತ್ರಿ ಸರ್?"

"ಹಾಡು" ಅಂದರು.

ಮನೆಯ ಗುರುತು ಬರೆದುಕೊಂಡೆ.

ಜುಲೈ 9, ಬುಧವಾರ

ಕೆಲಸ ಮುಗಿಸಿ ಸಂಜೆ ಸಪ್ತಾಪುರಕ್ಕೆ ಹೋದೆ. ಮುದುಕರ ಹೆಸರು ಏಕನಾಥ, ಓಣಿಯವರಿಗೆಲ್ಲ ಮಾಸ್ತರು. ಸಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು, ದೊಡ್ಡ ದೊಡ್ಡ ಹಾಡುಗಾರರಿಗೆ ತಬಲಾ ಸಾಥ್ ಕೊಟ್ಟವರು. ಹೆಂಡತಿ ಮಂದಾಕಿನಿ ಬಾಯಿಯವರು ಈಗಲೂ ಹಾಡು ಹೇಳಿಕೊಡುತ್ತಾರೆ. ಶಾಪಿಗೆ ಬಂದಿದ್ದ ಮಗಳು ಗಾರ್ಗಿ, ಕಾಲೇಜಿನಲ್ಲಿ ಕಲಿಸುತ್ತಾರೆ. ಮನೆ ತುಂಬ ತಂಬೂರಿ. ಒಂದಕ್ಕೆ ಕಾಲು ತಾಗಿಸಿ ಬಂದ ಐದು ನಿಮಿಷಕ್ಕೇ ಬೈಸಿಕೊಂಡೆ.

ಮಷೀನು ನೋಡಲು ಸೂಟ್‌ಕೇಸಿನಂತಿದೆ. ಮುಚ್ಚಳ ತೆರೆದರೆ ತಿರುಗುವ ತಟ್ಟೆ, ಸೂಜಿ ಹಿಡಿದ ತೋಳು. ಪಕ್ಕದಲ್ಲಿ ರೆಕಾರ್ಡುಗಳು. ರಾಗ, ಖ್ಯಾಲ್ ಇರಬಹುದು ಎಂದುಕೊಂಡಿದ್ದೆ. ಇಂಗ್ಲಿಷ್ ರಾಕ್ ಹಾಡುಗಳಂತೆ! ದಪ್ಪ ರಟ್ಟಿನ ಹೊದಿಕೆ ಪುಸ್ತಕದಂತೆ ಬಿಚ್ಚುತ್ತದೆ, ಒಳಗೆ ಎರಡು ರೆಕಾರ್ಡು. ಹೊದಿಕೆಯ ತುಂಬ ಒಂದು ಪೇಟೆಯ ಚಿತ್ರ. ಒಂದೊಂದು ಅಂಗಡಿಯ ಬೋರ್ಡಿನ ಮೇಲೆ ಒಂದೊಂದು ಹಾಡಿನ ಹೆಸರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಎಲ್ಲೂ ಬರೆದಿಲ್ಲ. ರೆಕಾರ್ಡಿನ ನಡುವೆ ಅಂಟಿಸಿದ ಕಾಗದದಲ್ಲೂ ಅಂಕಿ ಇಲ್ಲ, ಬರೀ ಚಿತ್ರ. ಒಂದು ರೆಕಾರ್ಡಿನ ಒಂದು ಬದಿಗೆ ಏಣಿ, ಹಿಂದಿನ ಬದಿಗೆ ಕೊಡೆ. ಇನ್ನೊಂದು ರೆಕಾರ್ಡಿನ ಒಂದು ಬದಿಗೆ ಮೀನು, ಹಿಂದಿನ ಬದಿಗೆ ದೀಪ.

ಈ ರೆಕಾರ್ಡುಗಳನ್ನು ಮಾಸ್ತರಿಗೆ ಕೊಟ್ಟವನು ಕೇದಾರ ಎಂಬ ಹಾಸ್ಟೆಲಿನ ಗೆಳೆಯ, 1972ರಲ್ಲಿ. ಯಾವ ಬದಿಯ ಆಮೇಲೆ ಯಾವುದು ಎಂದು ತಿರುವಿ ಹಾಕಿ ತೋರಿಸಿದವನೂ ಅವನೇ. ಕೇದಾರ ಈಗಿಲ್ಲ. ಆ ಬ್ಯಾಂಡು ಕೂಡ ಇದೊಂದನ್ನು ಮಾಡಿ ಎಲ್ಲಿ ಹೋಯಿತೋ. ಗಾರ್ಗಿ ಅಕ್ಕ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಎಲ್ಲೋ ಎರಡು ಸಾಲು ಸಿಕ್ಕವಂತೆ, ಹಾಡು ಸಿಗಲಿಲ್ಲ. ಕೇಳಬೇಕೆಂದರೆ ಈ ಮಷೀನೇ ಗತಿ, ಅದು ನಿಂತು ಒಂಬತ್ತು ವರ್ಷ.

ಒಂಬತ್ತು ವರ್ಷ ಸುಮ್ಮನಿದ್ದು ಈಗ ಅವಸರ ಯಾಕೆ ಎಂದು ಕೇಳಿದೆ.

"ಇಪ್ಪತ್ತೈದಕ್ಕ ಹುಬ್ಬಳ್ಳಿಯೊಳಗ ಆಪರೇಶನ್ ಅದ" ಅಂದರು ಮಾಸ್ತರು. "ಬಲಗಿವಿ ಹೋಗಿ ಎರಡು ವರ್ಷ ಆತು. ಈಗ ಎಡಗಿವಿ ನರದ ಬಾಜೂಕ ಗಂಟು ಬಂದದ. ತಗೀದಿದ್ರ ಜೀವಕ್ಕ ಕುತ್ತು. ತಗದ್ರ ಕಿವಿ ಉಳೀತದಂತ ಯಾವ ಡಾಕ್ಟರೂ ಹೇಳವಲ್ಲರು."

ಬಾಯಿಯವರು ಚಹಾ ತಂದಿಟ್ಟರು. "ಜೀವಮಾನಾ ತಬಲಾ ಬಾರಿಸಿದ ಮನಿಷ್ಯಾ, ಕಡೀಕ ಕಿವಿಯೊಳಗ ಏನ್ ತುಂಬಿಕೋತಾರ ನೋಡು. ಈ ಗದ್ದಲಾ!"

"ರಾಗ ಎಲ್ಲಾ ತಲಿಯೊಳಗ ಅವ ಮಂದಾ. ಕಿವಿ ಹೋದ್ರೂ ಒಳಗಽ ಬಾರಿಸಿಕೋತೀನಿ. ಇದು ತಲಿಯೊಳಗ ಕೂಡೂದಿಲ್ಲ. ಇದರಾಗ ಒಂದು ಹಾಡಿನಂಗ ಇನ್ನೊಂದಿಲ್ಲ. ಇದನ್ನ ಕಿವಿಲೇನಽ ಕೇಳಬೇಕು. ಇನ್ನೊಮ್ಮೆ ಪೂರಾ ಕೇಳಬೇಕು, ಅಷ್ಟಽ."

ನೂರೈವತ್ತು ಬುಶ್ ಮಾಡಿ ಬಂದವನ ಮುಂದೆ ಒಂದರಂತೆ ಇನ್ನೊಂದಿಲ್ಲ ಅಂದರು. "ಮಾಡಿ ಕೊಡ್ತೇನ್ರಿ ಸರ್" ಅಂದುಬಿಟ್ಟೆ. ಹದಿನಾರು ದಿನ ಇದೆ. ಒಂದು ಚೂರು ಹಿತ್ತಾಳೆ, ಎಷ್ಟು ಹೊತ್ತಿನ ಕೆಲಸ?

ಜುಲೈ 12, ಶನಿವಾರ

ಚಹಾದ ಬಿಡುವಿನಲ್ಲಿ ಒಂದು ಬೇಡವಾದ ತುಂಡು ಲೇಥಿಗೆ ಕಚ್ಚಿಸಿ ಕೊರೆಯಲು ಶುರು ಮಾಡಿದೆ. ಸುಫಿಯಾನಭಾಯಿ ಬಂದು ಹಿಂದೆ ನಿಂತದ್ದು ಗೊತ್ತೇ ಆಗಲಿಲ್ಲ.

"ಏನ್ ಸಾಹೇಬ್ರ, ಮದುವಿ ಉಂಗುರಾ ಮಾಡಾಕತ್ತೀರೇನು?"

"ಇಲ್ರಿ ಭಾಯಿ, ಆ ಮಾಸ್ತರದು."

"ನೂರೈವತ್ತರಾಗ ಹತ್ತು ಬುಶ್ ನೆಟ್ಟಗ ಅಳತಿ ಹಿಡಿಯೂದಿಲ್ಲ ನಿಂದು. ಇದನ್ನ ಕೂದಲ ಅಳತಿಗೆ ಮಾಡ್ತಾನಂತ! ನಾಳೆ ಓಡಿಹೋಗೂ ಮಂದಿಗೆ ಇವತ್ತು ಬಾಳ ಉಮೇದಿ."

ನಾಳೆಯಲ್ಲ, ಇಪ್ಪತ್ತಕ್ಕೆ, ಎಂದು ಮನಸ್ಸಿನಲ್ಲೇ ಅಂದೆ. ಹೊರಗೆ ಮಾತ್ರ ಹಲ್ಲು ಕಿಸಿದೆ.

ಜುಲೈ 13, ಭಾನುವಾರ

ತಿರುಗಿತು!

ಮೋಟರಿನ ಮೂತಿಗೆ ನನ್ನ ಚೂರು ಕೂರಿಸಿ ಗುಂಡಿ ಒತ್ತಿದ ಕೂಡಲೇ ತಟ್ಟೆ ನಿಧಾನಕ್ಕೆ ಹೊರಟಿತು. ಮಾಸ್ತರು ಏಣಿಯ ಬದಿ ಹಾಕಿದರು. ಒಬ್ಬ ಇಂಗ್ಲಿಷಿನಲ್ಲಿ ಒಂದರಿಂದ ನಾಲ್ಕು ಎಣಿಸಿದ, ಆಮೇಲೆ ಗಿಟಾರ್ ಒದರಿತು. ಕಬ್ಬಿಣಕ್ಕೆ ಗ್ರೈಂಡರ್ ಹಿಡಿದ ಹಾಗೆ. ನನಗೆ ಅದು ಪರಿಚಯದ ಸದ್ದು, ಖುಷಿಯಾಯಿತು. ಇಡೀ ರೆಕಾರ್ಡು ಹೀಗೇ ಇರುತ್ತದೆ ಎಂದುಕೊಂಡೆ. ಎರಡನೇ ಹಾಡಿಗೆ ಮದುವೆಯ ಬ್ಯಾಂಡಿನವರು ಬಂದರು, ಅದೂ ಕುಡಿದು ಬಂದವರಂತೆ ಓಲಾಡುತ್ತ. ಮೂರನೆಯದರಲ್ಲಿ ಒಬ್ಬನೇ ಒಬ್ಬ ಮನುಷ್ಯ, ಬಚ್ಚಲಲ್ಲಿ ಕೂತು ಹಾಡಿದಂತೆ, ಹಿಂದೆ ನೀರು ತೊಟ್ಟಿಕ್ಕುವ ಸದ್ದು. ನಾಲ್ಕನೆಯದಕ್ಕೆ ಹೆಂಗಸರ ಗುಂಪು, ಭಜನೆಯಂತೆ. ಈ ಎಲ್ಲ ಮಾಡುವವರು ಆ ಬ್ಯಾಂಡಿನ ಅದೇ ನಾಲ್ಕು ಜನವಂತೆ. ನಾನು ಮತ್ತೆ ಮತ್ತೆ ಕೇಳಿದೆ, "ಅವರಽ ಏನ್ರಿ? ಇದೂ ಅವರಽ?" ಮಾಸ್ತರು ಪ್ರತಿ ಸಲ ತಲೆಯಾಡಿಸಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಬಾಯಿಯವರ ದನಿ: "ಅರ್ಧಾ ಸ್ವರ ಏರೇದ."

"ಏನು?"

"ಮೊದಲನೇ ಹಾಡು ಕಾಳಿ ಎರಡರಿಂದ ಏಳಬೇಕು. ಇವತ್ತು ಪಾಂಢರಿ ಮೂರಕ್ಕ ಎದ್ದದ. ಜೋರು ತಿರಗಲಿಕ್ಕತ್ತದ ನಿಮ್ಮ ಮಷೀನು."

ಕಾಳಿ ಎರಡೆಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯಂತೆ, ಅದರ ಮಗ್ಗುಲಿನ ಬಿಳಿ ಮನೆ ಪಾಂಢರಿ ಮೂರು. ಅವರು ಬಂದು ತಂಬೂರಿ ಮೀಟಿ ತೋರಿಸಿದರು. ನನಗೂ ಗೊತ್ತಾಯಿತು, ಎರಡೂ ಒಂದಕ್ಕೊಂದು ತಿಕ್ಕುತ್ತಿದ್ದವು.

ಮಾಸ್ತರು ಹೆಂಡತಿಯನ್ನೇ ನೋಡಿದರು. "ಜನ್ಮದಾಗ ಅದನ್ನ ಕೇಳಿಲ್ಲ ಅಂತಿದ್ದೆಲ್ಲಾ?"

"ಕೇಳೂದು ಬ್ಯಾರೆ, ಕಿವಿಗೆ ಬೀಳೂದು ಬ್ಯಾರೆ."

ನನ್ನ ಚೂರು ದಪ್ಪವಾಗಿದೆ, ಅದಕ್ಕೇ ತಟ್ಟೆ ಜೋರು. ಲೆಕ್ಕ ಹಾಕಿದೆ, ಐದು ಕೂದಲಿನಷ್ಟು ತೆಗೆಯಬೇಕು. ಮೀಟರೂ ಇಲ್ಲ, ಟೇಪೂ ಇಲ್ಲ, ಅಡುಗೆಮನೆಯಲ್ಲಿ ಕೂತು ಒಬ್ಬರು ಐದು ಕೂದಲಿನ ತಪ್ಪು ಹಿಡಿಯುತ್ತಾರೆ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ.

ಜುಲೈ 14, ಸೋಮವಾರ

ಐದು ಕೂದಲು ತೆಗೆಯಬೇಕಿತ್ತು, ಎಂಟು ತೆಗೆದೆ. ಕೆಟ್ಟಿತು. ಮತ್ತೆ ಮೊದಲಿನಿಂದ.

ಜುಲೈ 16, ಬುಧವಾರ

ಎರಡನೇ ಚೂರು ಸರಿ ಬಂತು. ಬಾಯಿಯವರು ತಂಬೂರಿ ಮೀಟಿ ಸುಮ್ಮನೆ ಒಳಗೆ ಹೋದರು. ಅವರು ಏನೂ ಅನ್ನಲಿಲ್ಲವೆಂದರೆ ಪಾಸಾದ ಹಾಗೆ.

ಇವತ್ತು ನಾಲ್ಕೂ ಬದಿ ಕೇಳಿದೆ. ಮೊದಲು ಏಣಿ. ಅದೇ ರೆಕಾರ್ಡು ತಿರುವಿದರೆ ಕೊಡೆ. ಕೊಡೆಯ ಬದಿ ಶುರುವಾಗುವುದೇ ಒಂದು ದೊಡ್ಡ ಪೆಟ್ಟಿನಿಂದ, ಎಲ್ಲ ವಾದ್ಯ ಒಟ್ಟಿಗೆ, ತಗಡು ಬಿದ್ದಂತೆ. ನಾನು ಬೆಚ್ಚಿದೆ. "ಅದೊಂದು ಅಸಭ್ಯ ಜಾಗಾ" ಎಂದು ಮಾಸ್ತರು ನಕ್ಕರು. ಆ ಬದಿಯ ಕೊನೆಗೆ ಮಗು ಮಲಗಿಸುವಂಥ ಒಂದು ಸಣ್ಣ ಹಾಡು. ಆಮೇಲೆ ಎರಡನೇ ರೆಕಾರ್ಡು, ಮೀನು. ಅದನ್ನು ತಿರುವಿದರೆ ದೀಪ.

ದೀಪದ ಕೊನೆ ಬಂದಾಗ ಮಾಸ್ತರು ನನ್ನನ್ನು ಎಡಕ್ಕೆ ಕೂರಿಸಿಕೊಂಡು ನನ್ನ ತೊಡೆಯ ಮೇಲೆ ತಾಳ ಹಾಕತೊಡಗಿದರು. ತಬಲಾದಲ್ಲಿ ಒಂದೇ ತುಂಡನ್ನು ಮೂರು ಸಲ ಬಾರಿಸಿ, ಮೂರನೆಯದರ ಕೊನೆಯ ಪೆಟ್ಟನ್ನು ತಾಳದ ಮೊದಲ ಪೆಟ್ಟಿನ ಮೇಲೆ ತಂದು ಕೂರಿಸುತ್ತಾರಂತೆ. ಆ ಪೆಟ್ಟಿಗೆ ಸಮ್ ಅನ್ನುತ್ತಾರೆ. ಕೇಳುವವರೆಲ್ಲ ಅದಕ್ಕೇ ಕಾಯುತ್ತಾರೆ, ಅದು ಬಿದ್ದಾಗ ತಲೆ ತಾನಾಗಿ ಅಲ್ಲಾಡುತ್ತದೆ.

"ಈಗ ಕೇಳು. ಒಂದು... ಎರಡು... ಈಗ ಮೂರು..."

ಡ್ರಮ್ಮು, ಗಿಟಾರು ಎಲ್ಲ ಏರಿ ಏರಿ ಬಂದವು. ಮಾಸ್ತರ ಕೈ ಮೇಲೆದ್ದಿತು. ಫಕ್ಕನೆ ಎಲ್ಲ ನಿಂತಿತು. ಸೂಜಿ ಬರೀ ಸರ್ ಸರ್ ಅಂದಿತು.

"ಬರೂದಿಲ್ಲ!" ಮಾಸ್ತರು ಎತ್ತಿದ ಕೈ ಹಾಗೇ ಇಟ್ಟುಕೊಂಡು ನಕ್ಕರು. "ಐವತ್ತಮೂರು ವರ್ಷದಿಂದ ನಾ ಆ ಸಮ್ ಕಾಯಲಿಕ್ಕತ್ತೀನಿ. ಸಮ್ಮಿನ ಬಾಗಲಿಗೆ ಬಂದು ಎದ್ದು ಹೋದ್ರು ನೋಡು, ಎಂಥಾ ಎದಿಗಾರರು! ನಾ ಪುಣೆದೊಳಗ ಇದರ ಮ್ಯಾಲೆ ಭಾಷಣ ಮಾಡೇನಿ."

ಕೇಳಿದಿರಾ ಅಬ್ಬಾ? ದೊಡ್ಡ ದೊಡ್ಡವರೂ ಅರ್ಧಕ್ಕೆ ಎದ್ದು ಹೋಗುತ್ತಾರೆ. ಅದರ ಮೇಲೆ ಪುಣೆಯಲ್ಲಿ ಭಾಷಣ ಆಗುತ್ತದೆ. ನಾನು ಸೋಫಾ ಅಂಗಡಿ ಬಿಟ್ಟರೆ ಮಾತ್ರ ಓಣಿಗೆಲ್ಲ ಡಂಗುರ.

ಮಾಸ್ತರು ಇದನ್ನು ಈಗ ದಿನಾ ಕೇಳುವುದಿಲ್ಲವಂತೆ. ಸೂಜಿ ಹಳೆಯದು, ಎಷ್ಟು ಸಲ ತಡೆಯುತ್ತದೋ. ಆಪರೇಶನ್ನಿಗೆ ಹೋಗುವ ದಿನ ಮುಂಜಾನೆ ಒಮ್ಮೆ, ಪೂರಾ. ಅಲ್ಲಿಯವರೆಗೆ ಮಷೀನು ಒರೆಸಿ, ಎಣ್ಣೆ ಬಿಟ್ಟು ಇಡು ಅಂದಿದ್ದಾರೆ.

ಜುಲೈ 18, ಶುಕ್ರವಾರ

ಗೋವಾದ ಗೆಳೆಯನ ಫೋನು ಎರಡು ಸಲ ಬಂದಿತ್ತು. ಕೈ ಗ್ರೀಸಾಗಿತ್ತು, ಎತ್ತಲಿಲ್ಲ.

ಮಷೀನಿನ ಅಡಿಯ ಖಾನೆ ಖಾಲಿ ಇತ್ತು. ಉದ್ದನೆಯದೇನೋ ಇಡಲು ಮಾಡಿದ ಜಾಗ. ಇಲ್ಲಿ ಏನಿತ್ತು ಎಂದು ಬಾಯಿಯವರನ್ನು ಕೇಳಿದೆ. ಅವರು ಹೊಲಿಗೆ ಡಬ್ಬಿಯಿಂದ ಗೇಣುದ್ದದ ಒಂದು ಉಕ್ಕಿನ ಕಡ್ಡಿ ತಂದುಕೊಟ್ಟರು. ದಿಂಬಿನೊಳಗೆ ಹತ್ತಿ ತುರುಕಲು ಇಪ್ಪತ್ತು ವರ್ಷದಿಂದ ಅದೇ ಆಗಿದೆ ಅವರಿಗೆ.

ಕಡ್ಡಿಯ ನಡುವೆ ಒಂದು ಮೆಟ್ಟಿಲಿದೆ. ಸುಮ್ಮನೆ ಯಾರೂ ಉಕ್ಕಿನಲ್ಲಿ ಮೆಟ್ಟಿಲು ಕೊರೆಯುವುದಿಲ್ಲ. ಮೆಟ್ಟಿಲಿನ ಒಳಗೆ ಉಗುರಿನಷ್ಟು ಒಂದು ನಾಲಿಗೆ, ಜಿಡ್ಡು ಹಿಡಿದು ಕೂತಿದೆ. ತಟ್ಟೆಯ ನಡುವಿನ ಗಿಡ್ಡ ಕಡ್ಡಿ ಎಳೆದೆ, ಬಂತು. ಈ ಉದ್ದದ್ದನ್ನು ಇಟ್ಟೆ, ಕೂತಿತು. ಮೊಬೈಲಿನಲ್ಲಿ ಇಂಥದೇ ಮಷೀನಿನ ವಿಡಿಯೋ ಸಿಕ್ಕಿತು. ರೆಕಾರ್ಡುಗಳನ್ನು ಒಂದರ ಮೇಲೊಂದು ಆ ಮೆಟ್ಟಿಲಿನ ಮೇಲೆ ಏರಿಸಿಟ್ಟರೆ, ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಕೆಳಗೆ ಬೀಳುತ್ತದೆ! ಮನುಷ್ಯ ಏಳುವುದೇ ಬೇಡ.

ಬಸ್ಸಿನಲ್ಲಿ ಕೂತಾಗ ಒಂದು ವಿಚಾರ ಹೊಳೆಯಿತು. ರೆಕಾರ್ಡು ತಾನಾಗಿ ಬೀಳುತ್ತದೆ, ಸರಿ. ತಾನಾಗಿ ತಿರುವಿಕೊಳ್ಳುವುದಿಲ್ಲವಲ್ಲ? ಹಾಗಾದರೆ ಏಣಿ ಮುಗಿದ ಮೇಲೆ ಬೀಳುವುದು ಇನ್ನೊಂದು ರೆಕಾರ್ಡು. ಆಮೇಲೆ ಎರಡನ್ನೂ ಒಟ್ಟಿಗೆ ಎತ್ತಿ, ದೋಸೆಯ ಹಾಗೆ ಮಗುಚಿ ಇಟ್ಟರೆ...

ಮುಂದಿನ ಸ್ಟಾಪಿಗೆ ಇಳಿದು ವಾಪಸು ನಡೆದೆ. ಮಾಸ್ತರು ವಾಕಿಂಗ್ ಹೋಗಿದ್ದರು. ಬುಶ್ ನೋಡುವ ಭೂತಗನ್ನಡಿ ಜೇಬಿನಲ್ಲೇ ಇತ್ತು. ಹಾಡಿನ ಗೆರೆ ಮುಗಿದು ಚಿತ್ರದ ಕಾಗದ ಶುರುವಾಗುವ ನಡುವೆ ಒಂದು ನುಣುಪು ಬಳೆ ಇದೆ. ಮಾಡಿದವನು ಗುರುತು ಹಾಕುವುದಾದರೆ ಅಲ್ಲೇ ಹಾಕಬೇಕು. ನಾನಾದರೂ ಅಲ್ಲೇ ಹಾಕುತ್ತಿದ್ದೆ. ಬೆಳಕಿಗೆ ಓರೆ ಹಿಡಿದು ನೋಡಿದೆ. ಏಣಿಯ ಬದಿಗೆ ಉದ್ದನೆಯ ನಂಬರಿನ ಕೊನೆಗೆ 1. ಅದರ ಹಿಂದಿನ ಕೊಡೆಗೆ 4. ಮೀನಿಗೆ 2. ದೀಪಕ್ಕೆ 3.

ಮೂರು ಸಲ ನೋಡಿದೆ.

ದೀಪ ಕೊನೆಯಲ್ಲ. ದೀಪದ ಆಮೇಲೆ ಕೊಡೆ. ಕೊಡೆ ಶುರುವಾಗುವುದು ಆ ತಗಡು ಬಿದ್ದಂಥ ಪೆಟ್ಟಿನಿಂದ.

ಸಮ್ ಇದೆ. ಇಷ್ಟು ವರ್ಷ ಅದು ಬೇರೆ ಜಾಗದಲ್ಲಿ ಬೀಳುತ್ತಿತ್ತು, ಅಷ್ಟೇ. ಅವರು ಎದ್ದು ಹೋಗಿರಲಿಲ್ಲ.

ನನಗೆ ಖುಷಿಯಾಗಬೇಕಿತ್ತು. ಒಳಗೇನಿದೆ ಎಂದು ತಿಳಿಯಿತಲ್ಲ. ಆಗಲಿಲ್ಲ.

ಜುಲೈ 19, ಶನಿವಾರ

ಬಾಯಿಯವರಿಗೆ ಗೇಟಿನ ಹತ್ತಿರ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಆ ಬರಲಾರದ ಸಮ್ಮಿಂದು ಕಥಿ ಹೇಳೇ ಅವರು ನನ್ನ ಮದಿವಿ ಆಗ್ಯಾರ ನೋಡು. ಹೆಣ್ಣು ನೋಡಲಿಕ್ಕೆ ಬಂದಾಗ ಅದನ್ನಽ ಹೇಳಿದ್ರು." ಆಮೇಲೆ ನನ್ನ ಕಡೆ ತಿರುಗಿದರು. "ಹೇಳಬ್ಯಾಡ ಶಾನವಾಜ. ಇನ್ನ ಆರು ದಿನಾ ಉಳದಾವ. ಕಡೀ ಸಲ ಕೇಳೂ ಮನಿಷ್ಯಾಗ, ನೀವು ಇಡೀ ಜನ್ಮ ತಪ್ಪು ಕೇಳೀರಿ ಅಂತ ಹೆಂಗ ಹೇಳೂದು?"

"ಹೇಳಲಿಲ್ಲಂದ್ರ ಖರೇ ಸಮ್ ಒಮ್ಮೇನೂ ಕೇಳದಽ ಹೊಕ್ಕಾರಲ್ರಿ ಬಾಯಾರ?"

ಅವರು ಎದ್ದು ಒಳಗೆ ಹೋದರು. ಕಡ್ಡಿಯನ್ನು ಶಾಪಿಗೆ ತಂದಿದ್ದೇನೆ, ನಾಲಿಗೆ ಸಡಿಲು ಮಾಡಬೇಕೆಂದು. ಮಾಡಲು ಕೈ ಬರಲಿಲ್ಲ.

ಜುಲೈ 20, ಭಾನುವಾರ

ಗೋವಾಕ್ಕೂ ಹೋಗಲಿಲ್ಲ, ಸಪ್ತಾಪುರಕ್ಕೂ ಹೋಗಲಿಲ್ಲ. ಪೇಟೆಯಲ್ಲಿ ಸುತ್ತಿ ಸುತ್ತಿ ಅಬ್ಬಾನ ಅಂಗಡಿಯ ಮುಂದೆ ನಿಂತೆ. ಅವರು ತಲೆ ಎತ್ತದೇ ಇನ್ನೊಂದು ಸ್ಟೂಲು ಸರಿಸಿದರು. ಉರ್ದುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಬ್ಬಾ, ಒಬ್ಬಾಂವ ಐವತ್ತು ವರ್ಷ ಬೀಗಾ ಉಲ್ಟಾ ತಗದಾನ. ತಗದೈತಿ, ಅವಗ ತ್ರಾಸಿಲ್ಲ. ನಿಮಗ ಗೊತ್ತಾತು. ಹೇಳ್ತೀರೋ ಬಿಡ್ತೀರೋ?"

ಅಬ್ಬಾ ಒಂದು ಹಳೆಯ ಬೀಗದ ಎದೆ ಬಿಚ್ಚಿಕೊಂಡು ಕೂತಿದ್ದರು. ಒಳಗಿನ ತೆಳು ತಗಡಿನ ಪತ್ತಿಗಳನ್ನು ಒಂದೊಂದಾಗಿ ಎಣ್ಣೆಯಲ್ಲಿ ಅದ್ದಿ ಇಡುತ್ತಿದ್ದರು. ಪ್ರತಿ ಪತ್ತಿಯ ಹಲ್ಲು ಬೇರೆ ಬೇರೆ. ನಾನು ಹಿಂದೆ ಎಂದೂ ನೋಡಿರಲಿಲ್ಲ.

"ಹೇಳ್ತೇನಿ" ಅಂದರು.

"ಅವ ಬ್ಯಾಸರ ಮಾಡಿಕೊಂಡ್ರ?"

"ಮಾಡಿಕೊಳ್ಳಲಿ. ಬೀಗಾ ಅವಂದು. ಅದರ ಸುದ್ದಿ ನನ್ನ ಕಿಸೆದಾಗ ಯಾಕ ಇಟಗೊಳ್ಳಲಿ?" ಆಮೇಲೆ ಚಾಳೀಸಿನ ಮೇಲಿಂದ ನೋಡಿದರು. "ಯಾರ ಬೀಗಾ? ಪೊಲೀಸರು ಬರ್ತಾರೇನು ಮನಿಗೆ?"

ಇಬ್ಬರೂ ನಕ್ಕೆವು. ಸಂಜೆಯವರೆಗೆ ಅಲ್ಲೇ ಕೂತು ಪತ್ತಿ ಒರೆಸಿ ಕೊಟ್ಟೆ.

ಜುಲೈ 22, ಮಂಗಳವಾರ

ಹೇಳಿದೆ. ಎಡಗಡೆ ಕೂತು, ನಿಧಾನವಾಗಿ, ಕಡ್ಡಿ ತೋರಿಸಿ ಹೇಳಿದೆ. ಬಾಯಿಯವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಮಾಸ್ತರು ಭೂತಗನ್ನಡಿ ಕೇಳಿದರು. ಕಿಟಕಿಯ ಹತ್ತಿರ ಹೋಗಿ ನಾಲ್ಕೂ ಬದಿ ನೋಡಿದರು. ಬಹಳ ಹೊತ್ತು ಬೆನ್ನು ಈ ಕಡೆಗೇ ಇತ್ತು.

"ಅಂದ್ರ ನಾ ಪುಣೆದೊಳಗ ಹೇಳಿದ್ದು ಎಲ್ಲಾ ಸುಳ್ಳು."

"ಹಂಗಲ್ರಿ ಸರ್..."

"ನೀ ಇವತ್ತ ಹೋಗು ತಮ್ಮಾ."

ರೆಕಾರ್ಡುಗಳನ್ನು ಹೊದಿಕೆಯೊಳಗೆ ಹಾಕಿ ಕಪಾಟಿನಲ್ಲಿಟ್ಟರು. ಮಷೀನಿನ ಮುಚ್ಚಳ ಹಾಕಿದರು. ನಾನು ಕಡ್ಡಿ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಇನ್ನು ಮೂರು ದಿನ. ಅವರು ಕೇಳುವುದೇ ಇಲ್ಲವೇನೋ. ತಪ್ಪಾದರೂ ಅವರ ಹತ್ತಿರ ಒಂದಿತ್ತು, ನಾನು ಅದನ್ನೂ ಕೆಡಿಸಿದೆ.

ಜುಲೈ 23, ಬುಧವಾರ

ಫೋನು ಬರಲಿಲ್ಲ. ನೂರಾ ಅರವತ್ತೆರಡು ಬುಶ್. ಒಂದೂ ಅಳತೆ ತಪ್ಪಲಿಲ್ಲ. ಭಾಯಿ ಎರಡು ಸಲ ಅಳೆದು ನೋಡಿದರು.

ಜುಲೈ 24, ಗುರುವಾರ

ಹನ್ನೊಂದು ಗಂಟೆಗೆ ಗಾರ್ಗಿ ಅಕ್ಕನ ಫೋನು. "ನಾಳೆ ಮುಂಜಾನೆ ಆರಕ್ಕ ಬರಲಿಕ್ಕೆ ಆಗ್ತದೇನು? ಎಂಟಕ್ಕ ನಾವು ಹುಬ್ಬಳ್ಳಿಗೆ ಹೊರಡಬೇಕು. ಅಪ್ಪ ಎರಡು ದಿನಾ ಯಾರ ಜೋಡೀನೂ ಮಾತಾಡಿಲ್ಲ. ಇವತ್ತು ಮುಂಜಾನೆ ಎದ್ದು, ಆ ಹುಡುಗಗ ಉದ್ದನ ಕಡ್ಡಿ ತಗೊಂಡು ಬಾ ಅಂತ ಹೇಳು ಅಂದ್ರು."

ಕಡ್ಡಿಯ ನಾಲಿಗೆ ಇನ್ನೂ ಜಾಮ್! ಸೀಮೆಎಣ್ಣೆಯಲ್ಲಿ ನೆನೆಸಿದರೆ ಸಡಿಲಾಯಿತು, ಆದರೆ ಅದು ತೂಗುವ ಪಿನ್ನು ಸವೆದು ತುಂಡಾಗಿ ಕೈಗೆ ಬಂತು. ಅಕ್ಕಿಕಾಳಿನಷ್ಟು ಪಿನ್ನು.

ಈ ಸಲ ಕದ್ದು ಮಾಡಲು ಹೋಗಲಿಲ್ಲ. ಭಾಯಿಯ ಮುಂದೆ ನಿಂತು ಎಲ್ಲ ಹೇಳಿದೆ. ಕಿವಿ, ಆಪರೇಶನ್ನು, ಸಮ್ಮು, ಪಿನ್ನು.

"ಲೇಥ್ ಒಂದು ತಾಸು ಬೇಕ್ರಿ ಭಾಯಿ."

"ನಾಳೆ ಮುಂಜಾನೆ ಆರಕ್ಕೇನು?" ಭಾಯಿ ಕೈ ಒರೆಸಿಕೊಂಡರು. "ಅಷ್ಟು ಸಣ್ಣದು ನಿನ್ನಿಂದ ಆಗೂದಿಲ್ಲ. ಹಿಡಿ ಈ ಕಡೆ. ದೀಪಾ ಸಮೀಪ ತಾ. ಉಸರು ಬಿಡಬ್ಯಾಡ, ಹಾರಿ ಹೊಕ್ಕೈತಿ."

ಊಟದ ಹೊತ್ತು ಪೂರ್ತಿ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತೆವು. ಮೂರು ಪಿನ್ನು ಹಾಳಾದವು. ನಾಲ್ಕನೆಯದು ಕೂತಿತು. ನಾಲಿಗೆ ಟಕ್ ಎಂದು ಒಳಗೆ ಹೋಗಿ ಟಕ್ ಎಂದು ಹೊರಗೆ ಬಂತು. ಭಾಯಿ ಹತ್ತು ಸಲ ಒತ್ತಿ ಒತ್ತಿ ನೋಡಿದರು, ಮಕ್ಕಳ ಆಟಿಕೆಯಂತೆ.

"ನಾಳೆ ಎಷ್ಟಕ್ಕ ಬರ್ತಿ ಶಾಪಿಗೆ?"

"ಒಂಬತ್ತಕ್ಕ."

"ಎಂಟೂವರಿ."

ಜುಲೈ 25, ಶುಕ್ರವಾರ

ಆರಕ್ಕೆ ಐದು ನಿಮಿಷ ಮೊದಲೇ ಹೋದೆ. ಅಮಾವಾಸ್ಯೆ ದಾಟಲಿ ಎಂದು ಹಠ ಹಿಡಿದು ಈ ದಿನ ಆರಿಸಿದವರು ಬಾಯಿಯವರು. ಆಪರೇಶನ್ನಿಗೆಂದು ಮಾಸ್ತರು ನೀರೂ ಕುಡಿಯುವಂತಿರಲಿಲ್ಲ, ಬಾಯಿಯವರೂ ಕುಡಿದಿರಲಿಲ್ಲ. ಹಜಾರದ ತುಂಬ ನಸುಬೆಳಕು, ಗಾಳಿಗೆಂದು ಬೀದಿಯ ಬಾಗಿಲು ತೆರೆದೇ ಇತ್ತು. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮಷೀನಿಗೆ ಎಡಗಿವಿ ಕೊಟ್ಟು ಕುರ್ಚಿಯಲ್ಲಿ ಕೂತಿದ್ದರು.

"ಬ್ಯಾಸರ ಆತೇನ್ರಿ ಸರ್, ಮೊನ್ನೆ?" ಎಂದು ಕೇಳಿಬಿಟ್ಟೆ.

"ಆತು. ಎರಡು ದಿನಾ ಆತು. ಆಮ್ಯಾಲೆ ವಿಚಾರ ಮಾಡಿದೆ, ಎಪ್ಪತ್ನಾಲ್ಕನೇ ವಯಸ್ಸಿಗೆ ಹೊಸಾ ರೆಕಾರ್ಡು ಸಿಕ್ಕಂಗಾತಲ್ಲೋ! ಹಚ್ಚು, ಹಚ್ಚು. ಹೊತ್ತಾಗ್ತದ."

ಉದ್ದ ಕಡ್ಡಿಯ ಮೇಲೆ ಎರಡೂ ರೆಕಾರ್ಡು ಏರಿಸಿದೆ. ಗುಂಡಿ ಒತ್ತಿದೆ. ಟಪ್ ಎಂದು ಏಣಿ ಬಿದ್ದಿತು. ಎಣಿಕೆ, ಗ್ರೈಂಡರ್, ಕುಡಿದ ಬ್ಯಾಂಡು, ಬಚ್ಚಲ ಮನುಷ್ಯ. ಅದು ಮುಗಿದು ತೋಳು ಹಿಂದೆ ಸರಿಯಿತು, ಟಪ್, ಅದರ ಮೇಲೆ ಮೀನು. ಯಾರೂ ಕೈ ಹಚ್ಚಲಿಲ್ಲ. ಗಾರ್ಗಿ ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕರು.

ಮೀನು ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಎತ್ತಿ ಮಗುಚಿ ಇಟ್ಟೆ. ಟಪ್, ದೀಪ. ಈ ಬದಿಯ ಹಾಡು ನನಗೆ ಗೊತ್ತಿದ್ದವೇ, ಆದರೂ ಬೇರೆ ಕಡೆಯಿಂದ ಬಂದವರಂತೆ ಕಂಡವು. ಕೊನೆ ಬಂತು. ಏರತೊಡಗಿತು. ಬಾಯಿಯವರು ಯಾವಾಗ ಬಂದು ಗಂಡನ ಪಕ್ಕದ ಮಣೆಯ ಮೇಲೆ ಕೂತರೋ ನಾನು ನೋಡಲಿಲ್ಲ.

ಒಂದು. ಎರಡು. ಮೂರು.

ನಿಂತಿತು. ಮಾಸ್ತರ ಬಲಗೈ ಮೇಲೆಯೇ ಉಳಿಯಿತು. ಸೂಜಿಯ ಸರ್ ಸರ್. ತೋಳು ಎದ್ದು ಹಿಂದೆ ಸರಿಯಿತು. ನನ್ನ ಪೂರಾ ಜೀವ ಆ ಅಕ್ಕಿಕಾಳಿನಷ್ಟು ಪಿನ್ನಿನ ಮೇಲೆ ಕೂತಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಟಪ್. ಕೊಡೆ ಬಿದ್ದಿತು. ತೋಳು ತಿರುಗಿ ಬಂತು, ನಿಧಾನ, ನಿಧಾನ, ಕೆಳಗಿಳಿಯಿತು.

ಎಲ್ಲ ವಾದ್ಯ ಒಟ್ಟಿಗೆ, ಒಂದೇ ಪೆಟ್ಟು.

ಮಾಸ್ತರ ಕೈ ಕುರ್ಚಿಯ ತೋಳಿನ ಮೇಲೆ ಬಿತ್ತು. ಅದೇ ಹೊತ್ತಿಗೆ ಬಾಯಿಯವರ ಅಂಗೈ ತಮ್ಮ ಮಂಡಿಯ ಮೇಲೆ.

"ಆಹಾ!" ಮಾಸ್ತರು ಕೂಗಿಯೇಬಿಟ್ಟರು. "ಬಂತಲ್ಲೋ! ಲೇ ಕೇದಾರ್ಯಾ, ಮಂಗ್ಯಾನ ಮಗನ, ತಪ್ಪು ತಿರುವಿದೆಲ್ಲೋ!" ನಗುತ್ತ ನಗುತ್ತ ಚಾಳೀಸು ತೆಗೆದು ಕಣ್ಣು ಒರೆಸಿಕೊಂಡರು. "ಮಂದಾ, ಕೇಳಿದೇನು?"

"ಸುಮ್ಮನ ಕೂಡ್ರಿ. ಹಾಡು ನಡದದ."

ಒಂದು ಹಾಡು ಹೋಯಿತು, ಎರಡು ಹೋದವು. ಕೊನೆಯದು, ಆ ಮಗು ಮಲಗಿಸುವ ಹಾಡು, ಶುರುವಾಗುವುದರಲ್ಲಿತ್ತು. ಅದನ್ನು ಅದರ ಸ್ವಂತ ಜಾಗದಲ್ಲಿ, ಎಲ್ಲದರ ಆಮೇಲೆ, ಕೇಳಬೇಕೆಂದು ಒಂದು ವಾರದಿಂದ ನನಗೂ ಆಸೆ ಇತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಸದ ಗಾಡಿ ಬಂತು, ಅದರ ಲೌಡ್‌ಸ್ಪೀಕರಿನ ಹಾಡು ಸಮೇತ. ಮನೆ ಮನೆಗೂ ನಿಲ್ಲುತ್ತ ಈ ಕಡೆಗೇ ಬರುತ್ತಿತ್ತು. ಮಾಸ್ತರ ಹುಬ್ಬು ಗಂಟಾಯಿತು, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಎಡಗಿವಿಯನ್ನು ಮಷೀನಿಗೆ ಇನ್ನಷ್ಟು ಹತ್ತಿರ ಒಯ್ದರು.

ಗಾಡಿಯನ್ನು ಓಣಿಯ ತುದಿಯಲ್ಲೇ ಹಿಡಿಯಬೇಕೆಂದು ನಾನು ಎದ್ದೆ. ಹೊಸ್ತಿಲ ಹತ್ತಿರವಿದ್ದ ಕಸದ ಬಕೀಟನ್ನೂ ನನ್ನ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹೊರಗೆ ಬಂದೆ. ಮಳೆಗೆ ಉಬ್ಬಿದ ಬಾಗಿಲು, ನೆಲಕ್ಕೆ ತಿಕ್ಕುತ್ತದೆ. ಸ್ವಲ್ಪ ಮೇಲೆತ್ತಿ ಹಿಡಿದು, ಸದ್ದಾಗದಂತೆ ಮುಚ್ಚಿದೆ.